ಬೇರೆ ದ್ವೀಪಕ್ಕೆ ಬಿಟ್ಟರೆ ಆಗಲ್ವಾ?

ನ್ಯೂಜಿಲೆಂಡಿನ ಶೋರ್ ಪ್ಲೋವರ್ ಹಕ್ಕಿಯ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಹೊತ್ತು ತರುತ್ತವೆ. ಅದಕ್ಕೆ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಈ ಹಕ್ಕಿ ಸುಮಾರು 250 ಮಾತ್ರ ಉಳಿದಿದೆಯಂತೆ. ಆ ದೇಶದಲ್ಲಿ ದ್ವೀಪಗಳಿಗೇನು ಬರ? ಒಂದಷ್ಟು ಹಿಡಿದು ಬೇರೆ ಕಡೆ ಬಿಟ್ಟರೆ ಆಗಲ್ವಾ?

ಬಿಟ್ಟಿದ್ದಾರೆ, ಒಂದು ಸಲ ಅಲ್ಲ, ಹಲವು ಸಲ! ಅಧಿಕಾರಿಗಳಿಗೆ ಇಷ್ಟೂ ಹೊಳೆದಿಲ್ಲ ಎನ್ನುವ ಧಾಟಿಯಲ್ಲಿ ಬರೆಯುತ್ತೀರಲ್ಲ, ಅದು ಬೇಸರ ತರಿಸುತ್ತದೆ.

ಅಲ್ಲಿನ ಮೂಲನಿವಾಸಿ ಮಾವೊರಿಗಳು ತೂತುರುಆಟು ಎನ್ನುವ ಈ ಹಕ್ಕಿ ಮೊದಲು ಮುಖ್ಯ ದ್ವೀಪಗಳ ಕರಾವಳಿಯಲ್ಲೇ ಇತ್ತು. 19ನೇ ಶತಮಾನ ಮುಗಿಯುವಷ್ಟರಲ್ಲಿ ಬೆಕ್ಕು, ಇಲಿ ಸೇರಿ ಅಲ್ಲಿ ಒಂದನ್ನೂ ಉಳಿಸಲಿಲ್ಲ. ಚಾಥಮ್ ದ್ವೀಪಗಳ ರಂಗಟಿರಾಕ್ಕೆ ಇಲಿ ಕಾಲಿಟ್ಟಿರಲಿಲ್ಲ, ಹಾಗಾಗಿ ಅಲ್ಲಿ ಬದುಕಿತು. ಆ ದ್ವೀಪ ಎರಡೂಕಾಲು ಚದರ ಕಿಲೋಮೀಟರೂ ಇಲ್ಲ.

1990ರ ದಶಕದಲ್ಲಿ ಅಲ್ಲಿಂದ ಮೊಟ್ಟೆ ತಂದು ಮರಿ ಮಾಡಿಸಿದರು. ಸಾಕಿದ ಹಕ್ಕಿಗಳನ್ನು ಮೊಟುಒರಾ ದ್ವೀಪದಲ್ಲಿ ಬಿಟ್ಟರು. ಕೆಲವನ್ನು ಗೂಬೆ ಹಿಡಿಯಿತು, ಎಷ್ಟೋ ಹಕ್ಕಿ ಎದುರಿನ ದಡಕ್ಕೆ ಹಾರಿಹೋದವು. ಹಕ್ಕಿಗೆ ಬೇಲಿ ಹಾಕಲು ಆಗಲ್ಲ ಅಲ್ವಾ? 2007ರಿಂದ ಮಾನಾ ದ್ವೀಪದಲ್ಲಿ ಬಿಟ್ಟರು. ಚೆನ್ನಾಗಿಯೇ ನೆಲೆಯೂರುತ್ತಿದ್ದವು. 2011ರಲ್ಲಿ ಒಂದು ಇಲಿ ಹೊಕ್ಕಿತು. ಒಂದೇ ಒಂದು. ಹೆಚ್ಚಿನ ಹಕ್ಕಿಗಳು ಇಲ್ಲವಾದವು. ಇದನ್ನು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಇಲಿಗೆ ಇಷ್ಟು ಸುಲಭದ ತುತ್ತಾಗಲು ಕಾರಣ ಗೂಡು. ಟಿಟ್ಟಿಭ ಬಯಲಲ್ಲಿ ಮೊಟ್ಟೆಯಿಟ್ಟು ಸುತ್ತ ಕಣ್ಣಿಟ್ಟಿರುತ್ತದೆ. ಇದು ಕಲ್ಲಿನ ಸಂದಿಯಲ್ಲಿ, ಪೊದೆಯ ಅಡಿಯಲ್ಲಿ ಅಡಗಿ ಕಾವು ಕೂರುತ್ತದೆ. ರಂಗಟಿರಾದಲ್ಲಿ ಅಪಾಯ ಬರುವುದು ಆಕಾಶದಿಂದ, ಸ್ಕುವಾ ಹಕ್ಕಿಯ ರೂಪದಲ್ಲಿ. ಅದರಿಂದ ಅಡಗಬಹುದು. ಮೂಸಿಕೊಂಡು ಬರುವ ಇಲಿಯಿಂದ ಅಡಗುವುದು ಹೇಗೆ?

ಆದ್ದರಿಂದ ಜಾಗ ಹುಡುಕುವುದು ಸಣ್ಣ ಕೆಲಸ. ಆ ಜಾಗವನ್ನು ವರ್ಷವಿಡೀ ಕಾಯುವುದೇ ಕಷ್ಟ. ನೀವು ಅಲ್ಲಿನ ಯಾವುದೇ ದ್ವೀಪಕ್ಕೆ ಹೊರಟರೆ ಬ್ಯಾಗು, ಟೆಂಟು, ತಿಂಡಿಯ ಡಬ್ಬ ಎಲ್ಲ ಬಿಚ್ಚಿ ನೋಡಿಕೊಳ್ಳಿ. ನಾನಾದರೆ ಎರಡು ಸಲ ನೋಡುತ್ತೇನೆ.

ಪ್ರಶ್ನೆ: ಇಲಿ ಓಡಿಸುವ ಶಬ್ದದ ಯಂತ್ರ ಇಡಬಹುದಲ್ಲ?

ಇಲಿ ಆ ಶಬ್ದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಮಾರುವವರ ಮಾತು ನಂಬಿ ಸುಮ್ನೆ ದುಡ್ಡು ಕಳೆಯಬೇಡಿ.

ಪ್ರಶ್ನೆ: ದುರ್ಬಲ ಜೀವಿ ಅಳಿಯುವುದು ಪ್ರಕೃತಿಯ ನಿಯಮ ಅಲ್ವಾ?

ಆ ಇಲಿಗಳು ಅಲ್ಲಿಗೆ ಹೋದದ್ದು ಮನುಷ್ಯರ ಹಡಗಿನಲ್ಲಿ. ಇದರಲ್ಲಿ ಪ್ರಕೃತಿಯ ಹೆಸರು ಎಳೆಯಬೇಡಿ.

ಪ್ರಶ್ನೆ: ಈ ಹಕ್ಕಿಯ ಜೋಡಿ ಸಾಕಬಹುದಾ?

ಇಲ್ಲ. ನ್ಯೂಜಿಲೆಂಡಿನ 1953ರ ವನ್ಯಜೀವಿ ಕಾಯ್ದೆ ಅದಕ್ಕೆ ಪೂರ್ಣ ರಕ್ಷಣೆ ಕೊಟ್ಟಿದೆ.

ಪ್ರಶ್ನೆ: ಗೂಡಿನ ಫೋಟೊ ತೆಗೆಯಲು ಎಷ್ಟು ಹತ್ತಿರ ಹೋಗಬಹುದು?

ಗೂಡಿನ ಹತ್ತಿರ ಹೋಗಲೇಬೇಡಿ. ನೀವು ನಿಂತಷ್ಟು ಹೊತ್ತೂ ಹಕ್ಕಿ ಕಾವಿಗೆ ಮರಳುವುದಿಲ್ಲ, ಮೊಟ್ಟೆ ತಣ್ಣಗಾಗುತ್ತದೆ. ರಂಗಟಿರಾದಲ್ಲಂತೂ ಅನುಮತಿಯಿಲ್ಲದೆ ಇಳಿಯುವಂತೆಯೇ ಇಲ್ಲ.