ಅಜ್ಜನ ಮಳೆ ಪುಸ್ತಕದಿಂದಲೇ ಶುರು ಮಾಡಿ

ಕೊಡಗಿನ ನಾಪೋಕ್ಲು ಕಡೆಯಿಂದ ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರದ ಸಾರ ಇಷ್ಟು: ಕಾಲೇಜಿನಲ್ಲಿ ಪತ್ರಿಕೋದ್ಯಮ ತೆಗೆದುಕೊಂಡಿದ್ದಾರೆ. ಇರುವ ಒಂದೇ ಕ್ಯಾಮೆರಾ ಬೀರುವಿನಿಂದ ಹೊರಗೆ ಬರುವುದು ಅಪರೂಪ. ಮಂಗಳೂರು, ಬೆಂಗಳೂರಿನಲ್ಲಿ ಓದುವ ಗೆಳತಿಯರಿಗೆ ಸ್ಟುಡಿಯೊ ಇದೆ, ತಮ್ಮ ಹತ್ತಿರ ಇರುವುದು ಒಂದು ಫೋನ್. ಕೆಲಸ ಬೇಕಾದರೆ ಮಲ್ಟಿಮೀಡಿಯಾ ಬರಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಏನು ಕಲಿಯಬೇಕು, ಎಡಿಟಿಂಗಾ, ಡ್ರೋನಾ, ಎಐನಾ? ಸಾಲ ಮಾಡಿ ಆರು ತಿಂಗಳ ಕೋರ್ಸ್ ಸೇರಬೇಕಾ? "ಇಲ್ಲಿ ಕೂತು ಏನು ಪತ್ರಕರ್ತೆ ಆಗ್ತೀಯ" ಎಂದು ಅಪ್ಪ ಕೇಳುತ್ತಾರಂತೆ. ಕೊನೆಯಲ್ಲಿ, ಬೇರೆ ಯಾವುದೋ ಮಾತಿನ ನಡುವೆ, ಒಂದು ಸಾಲು: "ನಮ್ಮ ಅಜ್ಜ 1974ರಿಂದ ದಿನಾ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ, ಅದು ಬಿಟ್ಟರೆ ನಮ್ಮ ಮನೆಯಲ್ಲಿ ಬರೆಯುವವರು ಯಾರೂ ಇಲ್ಲ."

ಪ್ರಿಯ ತಂಗಿ,

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ನಾಲ್ಕು ಸಾಫ್ಟ್‌ವೇರ್‌ಗಳ ಹೆಸರು ಬರೆದು ಕಳಿಸೋಣ ಅನ್ನಿಸಿತು. ಎರಡನೇ ಸಲ ಅಜ್ಜನ ಮಳೆ ಪುಸ್ತಕದ ಸಾಲಿಗೆ ಬಂದಾಗ ಮುಂದೆ ಹೋಗಲು ಆಗಲಿಲ್ಲ. 1974ರಿಂದ ಅಂದರೆ 50 ವರ್ಷಕ್ಕೂ ಮೇಲಾಯಿತು. 18,000ಕ್ಕೂ ಜಾಸ್ತಿ ದಿನಗಳ ಲೆಕ್ಕ ನಿಮ್ಮ ಮನೆಯಲ್ಲಿದೆ. ಬೆಂಗಳೂರಿನ ಯಾವ ಸ್ಟುಡಿಯೊದಲ್ಲೂ ಅದು ಸಿಗುವುದಿಲ್ಲ. ನೀವು ಕೇಳಿದ್ದಕ್ಕೆಲ್ಲ ಆ ಪುಸ್ತಕವನ್ನೇ ಮುಂದಿಟ್ಟುಕೊಂಡು ಉತ್ತರ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡೋಣ. ಸುದ್ದಿ ಬರೆದು, ಅದನ್ನೇ ವಿಡಿಯೊದಲ್ಲಿ ಓದಿ, ಅದನ್ನೇ ಪಾಡ್‌ಕಾಸ್ಟ್ ಮಾಡಿ, ಅದರ ಮೇಲೊಂದು ಪೋಸ್ಟರ್ ಹಾಕಿದರೆ ಮಲ್ಟಿಮೀಡಿಯಾ ಆಗುವುದಿಲ್ಲ. ಒಂದೇ ಮಾತನ್ನು ನಾಲ್ಕು ಸಲ ಹೇಳಿದ ಹಾಗೆ ಆಗುತ್ತದೆ ಅಷ್ಟೆ. ಪ್ರತಿಯೊಂದಕ್ಕೂ ಅದರದ್ದೇ ಕೆಲಸ ಇದೆ. 2018ರ ಆಗಸ್ಟ್‌ನ ಭೂಕುಸಿತ ನೆನಪಿದೆ ಅಲ್ವಾ? ಆಗ ನೀವು ಚಿಕ್ಕವರು. ಕೊಡಗಿನ ಎರಡಂತಸ್ತಿನ ಮನೆಯೊಂದು ನಿಂತಲ್ಲಿಂದ ಜಾರಿ ಕೆಳಗಿಳಿಯುವ ವಿಡಿಯೊವನ್ನು ಇಡೀ ದೇಶ ನೋಡಿತು. ಮನೆ ಹೇಗೆ ಬಿತ್ತು ಅಂತ ತೋರಿಸಲು ಆ ಕೆಲವು ಸೆಕೆಂಡು ಸಾಕು. ಯಾಕೆ ಬಿತ್ತು ಅನ್ನುವುದು ಅದರಲ್ಲಿಲ್ಲ. ಜೂನ್‌ನಿಂದಲೇ ಸುರಿದ ಮಳೆಗೆ ಮಣ್ಣು ನೀರು ಕುಡಿದು ನಿಂತಿತ್ತು, ಆಮೇಲೆ ಆಗಸ್ಟ್ ಮಧ್ಯದ ಮಳೆ ಬಂತು. ಅದನ್ನು ತೋರಿಸುವುದು ಅಂಕಿಗಳ ಕೆಲಸ. ಇಳಿಜಾರು ಕಡಿದು ರಸ್ತೆ, ಕಟ್ಟಡ ಮಾಡಿದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಅದನ್ನು ಬಿಡಿಸಿ ಹೇಳಲು ಬರಹ ಬೇಕು. ಆ ಮನೆಯಲ್ಲಿದ್ದವರ ಮಾತು ಕೇಳಿಸಲು ಧ್ವನಿ ಬೇಕು. ಯಾವುದಕ್ಕೆ ಯಾವುದು ಅಂತ ಗೊತ್ತಾಗುವುದೇ ಈ ವಿದ್ಯೆಯ ಮುಕ್ಕಾಲು ಪಾಲು.

ಮೊದಲು ಏನು ಕಲಿಯಬೇಕು ಎಂದು ಕೇಳಿದ್ದೀರಿ. ನನ್ನ ಉತ್ತರ: ಧ್ವನಿ. ಇದಕ್ಕೆ ಕಾರಣ ನನ್ನದೇ ಒಂದು ನಷ್ಟ. ಅದೇ 2018ರಲ್ಲಿ ಮಡಿಕೇರಿಯಲ್ಲಿ ಪರಿಹಾರ ಕೇಂದ್ರವಾಗಿದ್ದ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಮಕ್ಕಂದೂರು ಕಡೆಯ ಒಬ್ಬ ಅಜ್ಜಿ ಹತ್ತಿರ ಕೂತೆ. ಮನೆ ಬಿಟ್ಟು ಓಡುವ ಮುಂಚೆ ಕೊಟ್ಟಿಗೆಗೆ ಹೋಗಿ, ಕತ್ತಲಲ್ಲಿ ತಡಕಾಡಿ, ಒಂದೊಂದೇ ದನದ ಹಗ್ಗ ಬಿಚ್ಚಿ ಬಂದದ್ದನ್ನು ಹೇಳಿದರು. ಒಂದರ ಗಂಟು ನೆಂದು ಬಿಗಿದುಕೊಂಡಿತ್ತಂತೆ. ಅಲ್ಲಿಗೆ ಬಂದಾಗ ಅವರು ಮಾತು ನಿಲ್ಲಿಸಿ ಬೆರಳುಗಳನ್ನು ನೋಡಿಕೊಂಡರು. 40 ನಿಮಿಷ ರೆಕಾರ್ಡ್ ಮಾಡಿದೆ. ಮೇಲೆ ಶೀಟಿನ ಮಾಡು, ಹೊರಗೆ ಮಳೆ. ರೆಕಾರ್ಡರನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ. ರಾತ್ರಿ ಕೇಳಿದರೆ ಬರೀ ಶೀಟಿನ ಸದ್ದು. ಮಾರನೇ ದಿನ ಹೋದಾಗ ಅವರನ್ನು ನೆಂಟರು ಕರೆದುಕೊಂಡು ಹೋಗಿದ್ದರು. ಅವರ ಮಾತನ್ನು ನನ್ನ ಮಾತಿನಲ್ಲಿ ಬರೆದೆ. ಆದರೆ ಆ ನಿಲ್ಲಿಸಿದ ಜಾಗ ಇದೆಯಲ್ಲ, ಅದು ಬರಹಕ್ಕೆ ಬರಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಹಾಗಾಗಿ ಮೊದಲ ಖರ್ಚು ಕಾಲರ್ ಮೈಕ್ ಮೇಲೆ ಮಾಡಿ. ಫೋನಿಗೆ ಸಿಕ್ಕಿಸುವ, ವೈರ್ ಇರುವ ಸಾಧಾರಣ ಮೈಕ್ ಸಾಕು. ಅದೂ ಇಲ್ಲದಿದ್ದರೆ ಫೋನನ್ನೇ ಮಾತಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಶುರು ಮಾಡುವ ಮುಂಚೆ 10 ಸೆಕೆಂಡು ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆಯೇ ಕರೆ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಶೀಟಿನ ಮನೆಯಲ್ಲಿ ಮಾತಾಡಿಸುವುದು ಕಷ್ಟ. ಹಂಚಿನ ಮನೆಯ ಒಳಕೋಣೆಗೆ ಕರೆದುಕೊಂಡು ಹೋಗಿ, ಇಲ್ಲವೇ ಯಾರದ್ದಾದರೂ ಜೀಪಿನಲ್ಲಿ ಗಾಜು ಏರಿಸಿ ಕೂತುಕೊಳ್ಳಿ. ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನಿರುವಾಗ ಆ ಜಾಗದ ಸದ್ದನ್ನೇ ಒಂದು ನಿಮಿಷ ಬೇರೆಯಾಗಿ ಹಿಡಿದಿಡಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವಿನ ಕತ್ತರಿ ಗುರುತನ್ನು ಅದು ಮುಚ್ಚುತ್ತದೆ. ಆಡಾಸಿಟಿ ಎನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಮೂರು ತಿಂಗಳು ಬೇರೇನೂ ಬೇಡ, ಇದೊಂದೇ ಮಾಡಿ.

ಈಗ ಅಜ್ಜನ ಪುಸ್ತಕ. ಅಂಕಿಗಳಿಂದ ಸುದ್ದಿ ಹುಡುಕುವುದಕ್ಕೆ ಡೇಟಾ ಜರ್ನಲಿಸಂ ಅನ್ನುತ್ತಾರಲ್ಲ, ಇದು ಅದರ ಪೂರ್ತಿ ಪಾಠ. ಮೊದಲು ಪ್ರತಿ ಪುಟದ ಫೋಟೊ ತೆಗೆಯಿರಿ, ಹಗಲು ಬೆಳಕಿನಲ್ಲಿ, ನೆರಳು ಬೀಳದ ಹಾಗೆ. ಫೋನ್, ಪೆನ್‌ಡ್ರೈವ್, ಇಮೇಲ್ ಹೀಗೆ ಮೂರು ಕಡೆ ಇಡಿ. ನಮ್ಮ ಕೊಡಗಿನ ತೇವಕ್ಕೆ ಶಾಯಿ ಹರಡುತ್ತದೆ, ಗೆದ್ದಲಿನ ಕಾಟ ಬೇರೆ.

ಆಮೇಲೆ ಅಜ್ಜನ ಪಕ್ಕದಲ್ಲಿ ಕೂತು ಕೇಳಬೇಕಾದ್ದಿದೆ. ನಮ್ಮ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. 100 ಸೆಂಟು ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಸರ್ಕಾರದ ಲೆಕ್ಕವೆಲ್ಲ ಮಿಲಿಮೀಟರಿನಲ್ಲಿ. ನಾನು ವರದಿಗಾರನಾಗಿದ್ದಾಗ "60 ಸೆಂಟು ಮಳೆ" ಎಂದು ಫೋನಿನಲ್ಲಿ ಸುದ್ದಿ ಕೊಟ್ಟೆ. ದೂರದ ಊರಿನಲ್ಲಿ ಡೆಸ್ಕ್‌ನಲ್ಲಿದ್ದವರು ಅದನ್ನು 60 ಸೆಂಟಿಮೀಟರ್ ಮಾಡಿ ಅಚ್ಚು ಹಾಕಿದರು. ಬಿದ್ದದ್ದು 15 ಮಿಲಿಮೀಟರ್, ಒಂದು ಒಳ್ಳೆಯ ಸಂಜೆಯ ಮಳೆ. ಪೇಪರಿನಲ್ಲಿ ಬಂದದ್ದು 600 ಮಿಲಿಮೀಟರ್, ಊರು ಮುಳುಗುವ ಮಳೆ. ಹೊರಗಿದ್ದ ಮಕ್ಕಳೆಲ್ಲ ಮನೆಗೆ ಫೋನ್ ಮಾಡಿ ಗಾಬರಿಯಾದರು. ಅಳತೆಯ ಹೆಸರನ್ನು ಬಿಡಿಸಿ ಹೇಳದೇ ಇದ್ದದ್ದು ನನ್ನ ತಪ್ಪು.

ದಿನಾಂಕವನ್ನೂ ಕೇಳಿ. ಅಜ್ಜ ಬೆಳಗ್ಗೆ ಎದ್ದು ಅಳೆಯುತ್ತಾರೆ. 17ನೇ ತಾರೀಖು ಬೆಳಗ್ಗೆ ಅಳೆದ ನೀರು ಹೆಚ್ಚಿನಂಶ 16ರದ್ದು. ಅದನ್ನು ಅವರು 16ರ ಮನೆಗೆ ಬರೆಯುತ್ತಾರಾ, 17ರ ಮನೆಗೆ ಬರೆಯುತ್ತಾರಾ? ಹವಾಮಾನ ಇಲಾಖೆಯ ದಿನ ಮುಗಿಯುವುದು ಬೆಳಗ್ಗೆ 8.30ಕ್ಕೆ. ಇದು ಗೊತ್ತಿಲ್ಲದೆ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದು ದಿನ ಆಚೀಚೆ ಆಗುತ್ತದೆ. ಇನ್ನು ಖಾಲಿ ಬಿಟ್ಟ ಮನೆಗಳು. ಖಾಲಿ ಅಂದರೆ ಮಳೆ ಬಂದಿಲ್ಲ ಅಂತಲಾ, ಅಥವಾ ಅಜ್ಜ ಅವತ್ತು ಮದುವೆಗೆ ಹೋಗಿದ್ದರಾ? ಇದಕ್ಕೆ ಉತ್ತರ ಅವರೊಬ್ಬರ ಹತ್ತಿರ ಮಾತ್ರ ಇದೆ. ಕೇಳುವಾಗ ಮೈಕ್ ಹಾಕಿರಿ. ನಿಮ್ಮ ಮೊದಲ ಧ್ವನಿ ವರದಿ ಅಲ್ಲೇ ಸಿಗುತ್ತದೆ.

18,000 ದಿನವನ್ನೂ ಒಮ್ಮೆಗೆ ಟೈಪ್ ಮಾಡಲು ಹೋಗಬೇಡಿ, ಬೇಸರ ಬಂದು ಬಿಟ್ಟುಬಿಡುತ್ತೀರಿ. ಒಂದು ಪ್ರಶ್ನೆ ಹಿಡಿಯಿರಿ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಅಂತಿಟ್ಟುಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ "ನಿಮ್ಮಲ್ಲಿ ಒಂದಿಂಚು ಬಿತ್ತಾ?" ಎಂದು ಬೆಳೆಗಾರರು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುತ್ತಾರಲ್ಲ, ಆ ಮಳೆ. 50 ವರ್ಷದಲ್ಲಿ ವರ್ಷದ ಮೊದಲ ಒಂದಿಂಚು ಯಾವ ತಾರೀಖಿಗೆ ಬಿತ್ತು? 50 ತಾರೀಖು ಅಷ್ಟೆ, ಒಂದು ಭಾನುವಾರದ ಕೆಲಸ. ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಗ್ರಾಫ್ ಮಾಡಿ. ಹೂಮಳೆ ಹಿಂದೆ ಮುಂದೆ ಆಗಿದೆಯಾ ಇಲ್ಲವಾ ಅಂತ ಪುಸ್ತಕವೇ ಹೇಳಲಿ, ನೀವು ಮೊದಲೇ ತೀರ್ಮಾನ ಮಾಡಿಕೊಳ್ಳಬೇಡಿ. ಆಮೇಲೆ ಅಕ್ಕಪಕ್ಕದ ಎರಡು ತೋಟದವರ ಪುಸ್ತಕ ಕೇಳಿ ತಾಳೆ ನೋಡಿ. ಇತ್ತೀಚಿನ ವರ್ಷಗಳಿಗಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕವೂ ಇದೆ. ಸರ್ಕಾರಿ ಕಚೇರಿಯಿಂದ ಬೇಕಾದ ಕಾಗದ ಕೇಳಿದರೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲೆ ಇರಬೇಕು. ಚಿಕ್ಕದಾಗಿ ಬರೆಯಲು ಅದೂ ಒಂದು ಅಭ್ಯಾಸ.

ವಿಡಿಯೊ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೈ ಓಡಿದ ಹಾಗೆ ಬರುತ್ತದೆ. ಒಂದೆರಡು ಮಾತು ಮಾತ್ರ. ಪ್ರತಿ ಶಾಟನ್ನೂ 10 ಸೆಕೆಂಡು ಅಲ್ಲಾಡದೆ ಹಿಡಿಯಿರಿ. ಅಜ್ಜ ಅಂಗಳಕ್ಕೆ ಇಳಿಯುವುದು ದೂರದಿಂದ ಒಂದು, ಅಳತೆ ಪಾತ್ರೆಗೆ ನೀರು ಸುರಿಯುವ ಕೈ ಹತ್ತಿರದಿಂದ ಒಂದು, ಕನ್ನಡಕ ಮೇಲೆತ್ತಿ ಗೆರೆ ನೋಡುವ ಮುಖ ಒಂದು, ಪೆನ್ನಿನ ತುದಿ ಒಂದು. ಇಷ್ಟಿದ್ದರೆ ಒಂದು ನಿಮಿಷದ ಕಥೆ ಆಯಿತು. ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೊ ಮಿಣುಕುತ್ತದೆ ಅಂತ ಎಷ್ಟೋ ವಿದ್ಯಾರ್ಥಿಗಳು ಫೋನನ್ನು ಬೈಯುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50 ಭಾಗ ಇಟ್ಟರೆ ಮಿಣುಕು ನಿಲ್ಲುತ್ತದೆ. ಮತ್ತೆ, ಮಳೆಯಿಂದ ಬೆಚ್ಚಗಿನ ಅಡುಗೆಮನೆಗೆ ಬಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಐದು ನಿಮಿಷ ಕಾದು, ಹತ್ತಿಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಪ್ರತಿ ಮಳೆಗಾಲಕ್ಕೂ ಹಳೆಯ ವಿಡಿಯೊಗಳು ಹೊಸ ಸುದ್ದಿಯಾಗಿ ವಾಟ್ಸಾಪಿನಲ್ಲಿ ಓಡಾಡುತ್ತವೆ. ಅವನ್ನು ಹಿಡಿಯುವುದು ನಿಮ್ಮಂಥ ಸ್ಥಳೀಯರಿಗೆ ಸುಲಭ. ಭಾಗಮಂಡಲದಲ್ಲಿ ಈಗ ಮೇಲ್ಸೇತುವೆ ಇದೆ. ಅದು ಕಾಣಲೇಬೇಕಾದ ಕೋನದಲ್ಲೂ ಕಾಣದಿದ್ದರೆ ಆ ಪ್ರವಾಹ ಹಳೆಯದು. ವಾಟ್ಸಾಪಿನಲ್ಲಿ ಬಂದ ಫೋಟೊದಲ್ಲಿ ತೆಗೆದ ಸಮಯ, ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ. ತೆಗೆದವರನ್ನೇ ಹುಡುಕಿ ಮೂಲ ಫೈಲ್ ಕೇಳಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮುಂದೆ ಕಾಫಿ ಕೊಯ್ಲಿನ ಬಗ್ಗೆ ಕೆಲಸ ಮಾಡಲು ಲೈನ್‌ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಗೆ, ಹೋಗುತ್ತೀರಿ. ಅಲ್ಲಿ ಯರವ ಬುಡಕಟ್ಟಿನ ಹೆಂಗಸೊಬ್ಬರನ್ನು ಮಾಲೀಕರ ಎದುರಿಗೆ ನಿಲ್ಲಿಸಿ, ಫೋನ್ ಮುಖಕ್ಕೆ ಹಿಡಿದು "ಸಂಬಳ ಸರಿಯಾಗಿ ಕೊಡ್ತಾರಾ" ಎಂದು ಕೇಳಬೇಡಿ. "ಕೊಡ್ತಾರೆ" ಅಂತಲೇ ಅವರು ಹೇಳಬೇಕಾಗುತ್ತದೆ. ಆ ಉತ್ತರ ಸುದ್ದಿಯಲ್ಲ. ವಿಡಿಯೊ ಎಲ್ಲಿ ಬರುತ್ತದೆ, ಯಾರು ಯಾರು ನೋಡಬಹುದು ಅಂತ ಅವರಿಗೆ ಗೊತ್ತಾಗುವ ಭಾಷೆಯಲ್ಲಿ ಹೇಳಿ. ಬೇಡ ಎಂದರೆ ಬರೀ ಧ್ವನಿ, ಅದೂ ಬೇಡ ಎಂದರೆ ಪೆನ್ನು. ಅವರ ಭಾಷೆ ನಿಮಗೆ ಬರದಿದ್ದರೆ, ಅದೇ ಭಾಷೆಯವರನ್ನು ಕೂರಿಸಿಕೊಂಡು ಸಬ್‌ಟೈಟಲ್ ಬರೆಯಿರಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಎಲ್ಲ ಕಿವಿಗೆ ಬೀಳುವ ಜಿಲ್ಲೆ ನಮ್ಮದು. ಎಲ್ಲರ ಮಾತನ್ನೂ ಒಂದೇ ಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಟ್ಟರೆ ಅವರು ಆಡಿದ ಮಾತು ಉಳಿಯುವುದಿಲ್ಲ.

ಕೋರ್ಸಿನ ವಿಚಾರ. ಸಾಲ ಮಾಡಬೇಡಿ. ಸೇರಲೇಬೇಕು ಅನ್ನಿಸಿದರೆ, ಹೋದ ವರ್ಷದ ವಿದ್ಯಾರ್ಥಿಗಳು ಮಾಡಿದ ಮೂರು ವರದಿ ತೋರಿಸಿ ಎಂದು ಕೇಳಿ. ಸರ್ಟಿಫಿಕೇಟ್ ಮಾತ್ರ ತೋರಿಸಿದರೆ ಎದ್ದು ಬನ್ನಿ. ಡ್ರೋನ್ ಈಗ ಬೇಡ. ಧ್ವನಿಯನ್ನು ಅಕ್ಷರಕ್ಕಿಳಿಸುವ ಮೊದಲ ಕರಡಿನ ಕೆಲಸ ಎಐಗೆ ಕೊಡಿ, ಆಮೇಲೆ ಸಾಲು ಸಾಲು ಕೇಳಿ ತಿದ್ದಿ. ಊರಿನ ಹೆಸರು, ಅಂಕಿ ಅಲ್ಲೇ ತಪ್ಪುವುದು ಜಾಸ್ತಿ. ಎಐ ಮಾಡಿಕೊಟ್ಟ ಚಿತ್ರವನ್ನು ಮಾತ್ರ ಸುದ್ದಿಯ ಫೋಟೊ ಅಂತ ಯಾವತ್ತೂ ಹಾಕಬೇಡಿ. ನೋಡಿ ಕಲಿಯಲು ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ 'ಪರಿ' ಎಂಬ ವೆಬ್‌ಸೈಟ್ ಇದೆ, ಹಳ್ಳಿಗಳ ಬದುಕಿನ ಬಗ್ಗೆ ಬರಹ, ಫೋಟೊ, ಧ್ವನಿ, ವಿಡಿಯೊ ಎಲ್ಲವೂ ಅಲ್ಲಿವೆ. ಕನ್ನಡದಲ್ಲೂ ಓದಬಹುದು, ವಿದ್ಯಾರ್ಥಿಗಳ ಕೆಲಸವನ್ನೂ ಅವರು ಪ್ರಕಟಿಸುತ್ತಾರೆ.

ಅಪ್ಪನಿಗೆ ಹೇಳಿ: ಈ ಚಿಕ್ಕ ಜಿಲ್ಲೆಯಲ್ಲಿ 1957ರಿಂದ 'ಶಕ್ತಿ' ದಿನಪತ್ರಿಕೆ ಬರುತ್ತಿದೆ, ಮಡಿಕೇರಿಯಲ್ಲಿ ಆಕಾಶವಾಣಿ ಕೇಂದ್ರ ಇದೆ. ಸಂಬಳ ಕಡಿಮೆ ಎಂಬ ಅವರ ಚಿಂತೆ ಸುಳ್ಳಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಒಂದೆರಡು ವರ್ಷ ದೊಡ್ಡ ಊರಿನ ಸುದ್ದಿಮನೆಯಲ್ಲಿ ಕೆಲಸ ಮಾಡಬೇಕಾಗಿಯೂ ಬರಬಹುದು. ಗಡುವಿಗೆ ಕೆಲಸ ಮುಗಿಸುವುದು, ತಿದ್ದಿಸಿಕೊಳ್ಳುವುದು ಅಲ್ಲೇ ಬರುವುದು. ಆದರೆ ಹೋಗುವಾಗ ಕೈಯಲ್ಲಿ ಒಂದು ಮುಗಿಸಿದ ಕೆಲಸ ಇರಲಿ.

ದಸರಾ ರಜೆಗೆ ಮನೆಯಲ್ಲೇ ಇರುತ್ತೀರಿ ಎಂದು ಬರೆದಿದ್ದೀರಿ. ಅಜ್ಜನ ಧ್ವನಿಯಲ್ಲಿ ಎರಡು ನಿಮಿಷ, ಆ 50 ತಾರೀಖುಗಳ ಪಟ್ಟಿ, ಪುಸ್ತಕದ ಒಂದು ಪುಟದ ಫೋಟೊ, ಇಷ್ಟನ್ನು ನವೆಂಬರ್ 10ರೊಳಗೆ ನಮಗೆ ಕಳಿಸಿ. ನಾನೇ ಕೂತು ಕೇಳುತ್ತೇನೆ, ಎಲ್ಲಿ ತಿದ್ದಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಪುಸ್ತಕದ ಮೂಲ ಪ್ರತಿ ಮಾತ್ರ ಅಂಚೆಗೆ ಹಾಕಬೇಡಿ. ಅದು ಅಜ್ಜನ ಮೇಜಿನ ಮೇಲೇ ಇರಲಿ, ನಾಳೆ ಬೆಳಗ್ಗೆಯೂ ಅವರು ಬರೆಯಬೇಕಲ್ಲ.

— ಸಂಪಾದಕ