ಅಕ್ಕನ್ನ ಕೇಳಿ: 320 ರೂಪಾಯಿ ಕಾಫಿ, 41 ಲೈಕು

ಪ್ರಶ್ನೆ: ಅಕ್ಕಾ ನಮಸ್ತೆ. ನಂಗೆ 23, ತುಮಕೂರು ಕಡೆಯೋಳು, ಒಂದೂವರೆ ವರ್ಷದಿಂದ ವಿಜಯನಗರದಲ್ಲಿ ಪಿಜಿಲಿದ್ದು ಕೆಲಸಕ್ಕೆ ಹೋಗ್ತಿದೀನಿ. ಮೆಟ್ರೋ ಹತ್ತಿದ ತಕ್ಷಣ ಇನ್‌ಸ್ಟಾ ತೆಗೀತೀನಿ, ಇಳಿಯೋ ಹೊತ್ಗೆ ಮೂಡ್ ಪೂರ್ತಿ ಹಾಳು. ಕಾಲೇಜಲ್ಲಿ ಪಕ್ಕ ಕೂತು ನನ್ನ ಅಸೈನ್‌ಮೆಂಟ್ ಕಾಪಿ ಹೊಡೀತಿದ್ದೋಳು ಈಗ ಬಾಲಿಲಿದಾಳೆ, ಇನ್ನೊಬ್ಳು ಕಾರ್ ತಗೊಂಡ್ಲು. ಹೋದ ತಿಂಗಳು ನಾನೂ ಇಂದಿರಾನಗರದ ಒಂದು ಕೆಫೆಗೆ ಹೋಗಿ 320 ರೂಪಾಯಿ ಕೊಟ್ಟು ಕೋಲ್ಡ್ ಕಾಫಿ ತಗೊಂಡು ಹನ್ನೊಂದು ಫೋಟೋ ತೆಗ್ದೆ, ಅಷ್ಟೊತ್ಗೆ ಐಸೆಲ್ಲ ಕರಗಿ ನೀರಾಗಿತ್ತು, ನಿಜ ಹೇಳ್ಬೇಕಂದ್ರೆ ಕಾಫಿ ಇಷ್ಟಾನೇ ಆಗ್ಲಿಲ್ಲ, ಆದ್ರೂ ಹಾಕಿದೆ, 41 ಲೈಕ್ ಬಂತು. ಈಗೀಗ ನಂಗೇನಿಷ್ಟ ಅಂತಾನೇ ಗೊತ್ತಾಗ್ತಿಲ್ಲ. ಆ್ಯಪ್ ಡಿಲೀಟ್ ಮಾಡಿ ನೋಡ್ದೆ, ನಾಲ್ಕೇ ದಿನ.
– ಹೆಸರು ಬೇಡ ಅಕ್ಕ

ಉತ್ತರ: 320 ರೂಪಾಯಿಗೆ ಬಸವನಗುಡಿಲಿ ವಾರವಿಡೀ ಫಿಲ್ಟರ್ ಕಾಫಿ ಕುಡೀಬಹುದಿತ್ತಲ್ಲಮ್ಮ! ಹೋಗ್ಲಿ ಬಿಡು.

ಒಂದು ಗಮನಿಸಿದ್ಯಾ, ದೀಪಿಕಾ ಪಡುಕೋಣೆ ಎಲ್ಲಿಗೆ ಹೋದ್ರೂ ನಿಂಗೇನೂ ಅನ್ಸಲ್ಲ, ನಿನ್ನ ಅಸೈನ್‌ಮೆಂಟ್ ಕಾಪಿ ಹೊಡೆದೋಳು ಹೋದ್ರೆ ಮಾತ್ರ ಹೊಟ್ಟೆ ಉರಿಯತ್ತೆ. ಲಿಯಾನ್ ಫೆಸ್ಟಿಂಗರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನ ಬರೆದಿದಾರೆ: ನಾವು ಎಷ್ಟರಮಟ್ಟಿಗಿದೀವಿ ಅಂತ ಅಳೆಯೋಕೆ ಸ್ಕೇಲ್ ಸಿಗದೇ ಇದ್ದಾಗ ಜನ ಪಕ್ಕದೋರನ್ನ ನೋಡ್ತಾರೆ, ಅದೂ ತಮ್ಮಂಥೋರನ್ನೇ. 23ರಲ್ಲಿ ಯಾರ ಹತ್ರ ತಾನೇ ಸ್ಕೇಲಿರತ್ತೆ? ಮಾರ್ಕ್ಸ್ ಕಾರ್ಡ್ ಮುಗೀತು, ಮುಂದಿಂದು ಇನ್ನೂ ಶುರುವಾಗಿಲ್ಲ. ಹಾಗಾಗಿ ನಿಂಗೇನೋ ಕಾಯಿಲೆ ಅನ್ಕೋಬೇಡ.

ನಾವು ಚಾಮರಾಜಪೇಟೆ ವಠಾರದಲ್ಲಿದ್ದಾಗ್ಲೂ ಇದೇ ಕಥೆ. ಪಕ್ಕದ್ಮನೆ ಆಂಟಿ ಹೊಸ ರೇಷ್ಮೆ ಸೀರೆ ಉಟ್ಕೊಂಡು ಹೊರಟ್ರೆ ನಮ್ಮಮ್ಮನ ಮುಖ ಸಪ್ಪಗಾಗ್ತಿತ್ತು, ಆದ್ರೆ ಅದೇ ಆಂಟಿ ತಿಂಗಳ ಕೊನೇಲಿ ಒಂದು ಲೋಟ ಸಕ್ಕರೆಗೆ ನಮ್ಮನೆ ಬಾಗ್ಲಿಗೇ ಬರ್ತಿದ್ರು, ಬಾಡಿಗೆ ವಿಷಯಕ್ಕೆ ಗಂಡನ ಜತೆ ಜಗಳ ಆಡೋದೂ ಗೋಡೆಯಾಚೆಯಿಂದ ಕೇಳ್ತಿತ್ತು, ಲೆಕ್ಕ ಸರಿಹೋಗ್ತಿತ್ತು. ನಿನ್ನ ಫೋನಲ್ಲಿ ರೇಷ್ಮೆ ಸೀರೆ ಮಾತ್ರ ಬರತ್ತೆ, ಸಕ್ಕರೆ ಲೋಟ ಬರಲ್ಲ. ಸಾಲದ್ದಕ್ಕೆ 2009ರಲ್ಲಿ ಫೇಸ್‌ಬುಕ್‌ನೋರು ಲೈಕ್ ಬಟನ್ ಬೇರೆ ತಂದ್ರು, ಸೀರೆ ಚೆನ್ನಾಗಿದೆ ಅನ್ನೋ ಮಾತಿಗೂ ನಂಬರ್ ಬಂತು.

ನಿಂಗೇನಿಷ್ಟ ಅಂತ ಗೊತ್ತಾಗ್ತಿಲ್ಲ ಅಂದೆ, ನಂಗೆ ನಿಜವಾಗ್ಲೂ ಬೇಜಾರಾಗಿದ್ದು ಅದಕ್ಕೆ. ಆದ್ರೆ ಕಾಫಿ ಹಿಡಿಸ್ಲಿಲ್ಲ ಅಂತ ನಿನ್ನ ನಾಲಿಗೆ ಆವತ್ತೇ ಹೇಳಿದೆ, 41 ಜನ ಲೈಕ್ ಒತ್ತಿದ್ರೂ ಅದು ಮಾತು ಬದಲಾಯಿಸ್ಲಿಲ್ಲ ನೋಡು. ಇವತ್ತು ರಾತ್ರಿ ಫೋನ್ ಗ್ಯಾಲರಿ ತೆಗೆದು, ಎಲ್ಲೂ ಹಾಕದೇ ಇರೋ ಫೋಟೋಗಳನ್ನ ಮಾತ್ರ ನೋಡ್ತಾ ಹೋಗು. ನನ್ನ ತಂಗಿ ಮಗಳು ಹೀಗೆ ನೋಡಿದಾಗ ಅರ್ಧಕ್ಕರ್ಧ ಬೀದಿ ನಾಯಿಗಳು, ಮಿಕ್ಕಿದ್ದೆಲ್ಲ ಹಳೇ ಮನೆಗಳ ಕಿಟಕಿ ಸರಳು! ಈಗ ಭಾನುವಾರ ಮಲ್ಲೇಶ್ವರದ ಕ್ರಾಸುಗಳಲ್ಲಿ ಕಿಟಕಿ ಚಿತ್ರ ಬಿಡಿಸ್ತಾ ಕೂತಿರ್ತಾಳೆ, ಬರೋದೇನೂ ಅಷ್ಟು ಚೆನ್ನಾಗಿಲ್ಲ, ಅವಳಿಗದು ಗೊತ್ತು.

ಆ್ಯಪ್ ಡಿಲೀಟ್ ಮಾಡೋ ಶಪಥ ಎಲ್ಲಾ ಬೇಡ. ಯಾರನ್ನ ನೋಡಿದ್ರೆ ಎದೆ ಧಸಕ್ ಅನ್ನತ್ತೋ ಅವರನ್ನ ಮ್ಯೂಟ್ ಮಾಡು, ಅವರಿಗೆ ಗೊತ್ತಾಗಲ್ಲ. ಲೈಕ್ ನಂಬರ್ ಮುಚ್ಚಿಡೋ ಆಪ್ಶನ್ನೂ 2021ರಿಂದ ಇದೆ. ನಿದ್ದೆ ಬರ್ತಿಲ್ಲ, ಕೆಲಸಕ್ಕೆ ಹೋಗೋಕೇ ಮನಸ್ಸಿಲ್ಲ ಅನ್ನೋ ಮಟ್ಟಕ್ಕೆ ಹೋಗಿದ್ರೆ ಮಾತ್ರ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡು, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಗೀಳಿಗೇ ಅಂತ ನಿಮ್ಹಾನ್ಸ್‌ನೋರು 2014ರಲ್ಲೇ ಶಟ್ ಅಂತ ಕ್ಲಿನಿಕ್ ಶುರು ಮಾಡಿದಾರೆ.

ಮತ್ತೆ ಆ ಬಾಲಿಯೋಳು ವಾಪಸ್ ಬಂದ್ಮೇಲೆ ಒಂದ್ಸಲ ಫೋನ್ ಮಾಡು, ಮೆಸೇಜಲ್ಲ, ಫೋನು. ಟ್ರಿಪ್ಪಿಗೆ ಎಷ್ಟು ತಿಂಗಳ ಇಎಂಐ ಅಂತ ಮಾತ್ರ ಕೇಳ್ಬೇಡ, ಅವಳಾಗೇ ಹೇಳ್ತಾಳೆ.