ಬಿಸಿ ಗೊತ್ತಾಗದ ಪಾದಕ್ಕೆ ಶಾಖ ಬೇಡ

ಪ್ರಶ್ನೆ: ನನಗೆ 12 ವರ್ಷದಿಂದ ಶುಗರ್ ಇದೆ. ಪಾದ ಮರಗಟ್ಟಿದ ಹಾಗಿರುತ್ತದೆ. ರಾತ್ರಿ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗುತ್ತೇನೆ, ಆದರೆ ಬಿಸಿಯೇ ಗೊತ್ತಾಗುವುದಿಲ್ಲ. ಇನ್ನೂ ಬಿಸಿಯಾದ ನೀರು ಹಾಕಬಹುದೇ?

ಉತ್ತರ: ಹಾಕಬೇಡಿ. ಬ್ಯಾಗನ್ನೇ ಎತ್ತಿಡಿ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ‘ಚೆನ್ನಾಗಿ ಶಾಖ ಕೊಡಿ, ನರ ಬಿಡುತ್ತದೆ’ ಅಂತ ಹೇಳಿಕೊಟ್ಟವರ ಮೇಲೆ.

ನಿಮ್ಮ ಪಾದ ಚಳಿಗೆ ಮರಗಟ್ಟಿದ್ದಲ್ಲ. ಬಿಸಿ, ನೋವು ಗೊತ್ತುಮಾಡುವ ಸಣ್ಣ ನರಗಳು ಶುಗರ್‌ನಿಂದ ಹಾಳಾಗಿರಬಹುದು. ಚರ್ಮ ಮಾತ್ರ ಎಲ್ಲರದ್ದರ ಹಾಗೇ ಸುಡುತ್ತದೆ. 45 ಡಿಗ್ರಿ ಹತ್ತಿರ ಬಂದರೆ ಬೇರೆಯವರು ಉರಿ ತಾಳದೆ ಕಾಲು ಎಳೆದುಕೊಳ್ಳುತ್ತಾರೆ. ನೀವು ಎಳೆದುಕೊಳ್ಳುವುದಿಲ್ಲ. ಸುಡಲು ಕುದಿಯುವ ನೀರೇ ಆಗಬೇಕಿಲ್ಲ, 44 ಡಿಗ್ರಿ ಬಿಸಿ ಆರು ಗಂಟೆ ಒಂದೇ ಜಾಗಕ್ಕೆ ತಾಗಿಕೊಂಡಿದ್ದರೂ ಸಾಕು. ರಕ್ತ ಸಂಚಾರ ಕಮ್ಮಿಯಿದ್ದರೆ ಇನ್ನೂ ಬೇಗ. ಬೆಳಿಗ್ಗೆ ಹಾಸಿಗೆ ಒದ್ದೆ ಆಗಿದ್ದು ನೋಡಿ ಬ್ಯಾಗ್ ಸೋರಿದೆ ಅಂದುಕೊಳ್ಳುತ್ತಾರೆ. ಹಿಮ್ಮಡಿ ತಿರುಗಿಸಿ ನೋಡಿದರೆ ಬೊಬ್ಬೆ ಒಡೆದಿರುತ್ತದೆ. ಆ ಗಾಯ ಮಾಯಲು ತಿಂಗಳುಗಟ್ಟಲೆ ಬೇಕು. ಕೆಲವರ ಬೆರಳೇ ಹೋಗುತ್ತದೆ.

ಶಾಖ ಕೊಡುವ ಮೊದಲು ನಾವು ಫಿಸಿಯೋಥೆರಪಿಸ್ಟ್‌ಗಳು ಮಾಡಬೇಕಾದ ಒಂದು ಪರೀಕ್ಷೆ ಇದೆ. ನೀವು ಕಣ್ಣು ಮುಚ್ಚಿಕೊಳ್ಳಬೇಕು. ಬಿಸಿನೀರಿನ ಒಂದು ಗಾಜಿನ ನಳಿಕೆ, ತಣ್ಣೀರಿನದು ಇನ್ನೊಂದು, ಹಿಂದೆಮುಂದೆ ಮಾಡಿ ಚರ್ಮಕ್ಕೆ ತಾಗಿಸುತ್ತೇವೆ. ಯಾವುದು ಬಿಸಿ ಅಂತ ಸರಿಯಾಗಿ ಹೇಳಲು ಬಾರದಿದ್ದರೆ ಆ ಜಾಗಕ್ಕೆ ಶಾಖವೂ ಇಲ್ಲ, ಐಸೂ ಇಲ್ಲ. ಇಷ್ಟೂ ಮಾಡದೆ, ಬಿಸಿನೀರಿನಲ್ಲಿ ಕಾಯಿಸಿದ ಹಾಟ್ ಪ್ಯಾಕ್ ತಂದಿಡುವವರ ಹತ್ತಿರ ಹೋಗಬೇಡಿ. ಪ್ಯಾಕ್ ನೀರಿನಿಂದ ಹೊರಬರುವಾಗ 70 ಡಿಗ್ರಿ ದಾಟಿರುತ್ತದೆ. ನಿಮಗೂ ಅದಕ್ಕೂ ನಡುವೆ ಇರುವುದು ಆರೆಂಟು ಪದರ ಟವೆಲ್, ಅಷ್ಟೇ. ಅದರ ಮೇಲೆ ಮಲಗಿದರೆ ಆ ಪದರವೂ ಅಮುಕಿ ತೆಳ್ಳಗಾಗುತ್ತದೆ. ಚರ್ಮಕ್ಕೆ ಎಷ್ಟು ಬಿಸಿ ತಾಗುತ್ತಿದೆ ಅಂತ ತೋರಿಸುವ ಮೀಟರ್ ಪ್ಯಾಕ್‌ನಲ್ಲಿ ಇರುವುದಿಲ್ಲ. ನಿಮ್ಮ ಮಾತೇ ಮೀಟರ್. ‘ಹೇಗಿದೆ?’ ಅಂತ ಕೇಳಿದಾಗ ಮೊಬೈಲ್ ನೋಡುತ್ತಾ ಸುಮ್ನೆ ‘ಪರವಾಗಿಲ್ಲ’ ಅನ್ನಬೇಡಿ.

ಪಾದ ತಣ್ಣಗಾಗಿದ್ದರೆ ಬಿಗಿಯಿಲ್ಲದ ಸಾಕ್ಸ್ ಹಾಕಿಕೊಳ್ಳಿ. ಉರಿ, ಜುಮುಜುಮು ಜಾಸ್ತಿಯಾದರೆ ಶುಗರ್ ನೋಡುವ ಡಾಕ್ಟರಿಗೆ ಹೇಳಿ, ಅದಕ್ಕೆ ಮಾತ್ರೆ ಇದೆ.

ಪ್ರಶ್ನೆ: ಕಾಲು ಉಳುಕಿದೆ. ಐಸಾ, ಶಾಖವಾ?

ಉತ್ತರ: ಮೊದಲ ಎರಡು ಮೂರು ದಿನ ಶಾಖ ಬೇಡ, ತಿಕ್ಕಿಸುವುದಂತೂ ಬೇಡವೇ ಬೇಡ. ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ, ನೋವು ತಗ್ಗುತ್ತದೆ. ಅದಕ್ಕಿಂತ ದೊಡ್ಡ ಪವಾಡ ಐಸ್‌ನಿಂದ ಆಗುವುದಿಲ್ಲ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಎಕ್ಸ್‌ರೇ ತೆಗೆಸಿ.

ಪ್ರಶ್ನೆ: ನೋವಿನ ಮುಲಾಮು ಹಚ್ಚಿ ಅದರ ಮೇಲೆ ಹೀಟಿಂಗ್ ಪ್ಯಾಡ್ ಇಡಬಹುದೇ?

ಉತ್ತರ: ಬೇಡ, ಚರ್ಮ ಸುಡುತ್ತದೆ.

ಪ್ರಶ್ನೆ: ಮಂಡಿ ಸವೆದಿದೆ. ಕರೆಂಟ್ ಜಾಸ್ತಿ ಇಟ್ಟಷ್ಟೂ ಬೇಗ ವಾಸಿಯಾಗುತ್ತದಂತೆ, ನಿಜವೇ?

ಉತ್ತರ: ಸುಳ್ಳು. ಚರ್ಮದ ಮೂಲಕ ಸಣ್ಣ ಕರೆಂಟ್ ಹಾಯಿಸುವ ಟೆನ್ಸ್ ಮಷಿನ್ ಕೆಲಸ ಮಾಡಿದರೆ ಸ್ವಲ್ಪ ಹೊತ್ತು ನೋವು ಮರೆಸುತ್ತದೆ. ಸವೆದದ್ದು ಅದರಿಂದ ಬೆಳೆಯುವುದಿಲ್ಲ. ಜುಮುಜುಮು ಅನಿಸಿದರೆ ಸಾಕು, ಹಲ್ಲು ಕಚ್ಚಿಕೊಂಡು ತಡೆಯುವಷ್ಟು ಯಾಕೆ? ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಹೇಳಿಕೊಡದೆ ಬರೀ ಕರೆಂಟ್ ಇಟ್ಟು ಕಳಿಸುವವರನ್ನು ಬಿಟ್ಟುಬಿಡಿ.

ಪ್ರಶ್ನೆ: ನನ್ನ ಟೆನ್ಸ್ ಮಷಿನ್ ಅಪ್ಪನಿಗೆ ಕೊಡಬಹುದೇ? ಅವರಿಗೆ ಪೇಸ್‌ಮೇಕರ್ ಇದೆ.

ಉತ್ತರ: ಕೊಡಬೇಡಿ. ಹೃದಯದ ಡಾಕ್ಟರ್ ಒಪ್ಪದೆ ಅದನ್ನು ಅವರ ಮೈಗೆ ತಾಗಿಸುವ ಹಾಗೇ ಇಲ್ಲ.

ಪ್ರಶ್ನೆ: ಒಂದೇ ಕಾಲಿನ ಮೀನಖಂಡ ಊದಿಕೊಂಡು ಬೆಚ್ಚಗಿದೆ, ನೋವೂ ಇದೆ. ಶಾಖ ಕೊಟ್ಟು ತಿಕ್ಕಿಸಲೇ?

ಉತ್ತರ: ಎರಡೂ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಇದನ್ನು ಓದುತ್ತಾ ಕೂರದೆ ಇವತ್ತೇ ಆಸ್ಪತ್ರೆಗೆ ಹೋಗಿ.